ಪ್ರಾಸಾದಪುರುಷ

ಜೀರ್ಣವಾದ ದೇವಾಲಯವನ್ನು ಪುನಃ ಎತ್ತಿ ನಿಲ್ಲಿಸುವ ಕಾರ್ಯಕ್ಕೆ ಜೀರ್ಣೋದ್ಧಾರವೆಂದು ಹೆಸರು. ಈ ಮಾತು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಒಂದೇ ಆಗಿರುವುದರಿಂದ ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಭಕ್ತಾದಿಗಳಿಗೆ ಅದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಆದರೆ ಆ ಕಾರ್ಯದ ಆರಂಭದಲ್ಲಿ ಆಗಮೋಕ್ತವಾಗಿ ನಡೆಯುವ ಒಂದು ವಿಧಿಯಿದೆ. ಅದನ್ನು ಕಣ್ಣಾರೆ ಕಂಡವರು ಅನೇಕರು. ಅದರ ಅರ್ಥವನ್ನು ವಿಚಾರಿಸಿದವರು ವಿರಳ. ಅದಾವುದೆಂದರೆ ಕಲಾಕರ್ಷಣ. ಗರ್ಭಗುಡಿಯ ಕಲ್ಲಿಗೆ ಕೈ ಹಚ್ಚುವ ಮುಂಚೆ ಆಚಾರ್ಯನು ಮೂರ್ತಿಯಲ್ಲಿ ನೆಲೆಸಿದ ದೈವಕಲೆಯನ್ನು ಮಂತ್ರಪೂರ್ವಕವಾಗಿ ನೀರು ತುಂಬಿದ ಕಲಶಕ್ಕೆ ಬರಮಾಡಿಕೊಳ್ಳುತ್ತಾನೆ. ಬಳಿಕ ಬಾಲಾಲಯವೆಂಬ ಚಿಕ್ಕದೊಂದು ತಾತ್ಕಾಲಿಕ ಗುಡಿಯಲ್ಲಿ ದೇವರಿಗೆ ನೆಲೆ ಮಾಡಿಕೊಡಲಾಗುತ್ತದೆ. ಕಟ್ಟಡದ ಕೆಲಸ ಮುಗಿದು ಕುಂಭಾಭಿಷೇಕವಾಗುವವರೆಗೆ ಪೂಜೆ, ನೈವೇದ್ಯ, ಮಂಗಳಾರತಿಗಳೆಲ್ಲ ಅಲ್ಲಿಯೇ ಸಲ್ಲುತ್ತವೆ.

ಇಲ್ಲಿ ವಿಚಾರವಂತರಾದವರಿಗೆ ಒಂದು ಪ್ರಶ್ನೆ ಏಳದೆ ಇರದು. ದೇವರಿಗೆ ಒಂದು ಬಿಂದಿಗೆ ನೀರೂ ನಾಲ್ಕು ಗಳುವಿನ ಚಪ್ಪರವೂ ಸಾಕಾಗುವುದಾದರೆ, ಊರಿಗೂರೇ ಪಟ್ಟಿ ಎತ್ತಿ, ಕಲ್ಲು ತರಿಸಿ, ವರ್ಷಗಟ್ಟಲೆ ದುಡಿದು ಕಟ್ಟುವ ಗುಡಿ ಯಾರಿಗಾಗಿ? ದೇವರಿಗೆ ಅದು ಅನಿವಾರ್ಯವಲ್ಲವೆಂಬುದು ಆಗಮದ ವಿಧಿಯಿಂದಲೇ ಸಿದ್ಧವಾಯಿತು. ಹಾಗಾದರೆ ಗುಡಿ ಬೇಕಾದುದು ಮನುಷ್ಯನಿಗೆ. ಏತಕ್ಕೆ ಬೇಕು ಎಂಬುದನ್ನು ತಿಳಿಯಬೇಕಾದರೆ ಮನುಷ್ಯನೆಂದರೆ ಯಾರು ಎಂಬುದನ್ನು ಮೊದಲು ತಿಳಿಯಬೇಕು.

ಈ ಸೀಮೆಯವರು ಆಡುವ ಮರಾಠಿಯಲ್ಲಿ ‘ಮಾಣುಸಕೀ’ ಎಂಬ ಸೊಗಸಾದ ಶಬ್ದವೊಂದಿದೆ. ಅದನ್ನೇ ಕನ್ನಡದಲ್ಲಿ ಮನುಷ್ಯತನ ಎನ್ನುವರು. ಕ್ರೂರನಾದವನನ್ನು ಕಂಡರೆ ‘ಅವನಲ್ಲಿ ಮನುಷ್ಯತನವೇ ಇಲ್ಲ’ ಎಂದು ಹಳ್ಳಿಯ ಅನಕ್ಷರಸ್ಥ ಮುದುಕಿಯೂ ನುಡಿಯುವಳು. ಆ ನುಡಿಯನ್ನು ತುಸು ಒರೆಹಚ್ಚಿ ನೋಡಬೇಕು. ಎತ್ತಿನಲ್ಲಿ ಎತ್ತುತನವಿಲ್ಲವೆಂದು ಯಾವ ರೈತನೂ ದೂರುವುದಿಲ್ಲ. ಬೇವಿನ ಮರವು ಬೇವಾಗುವುದನ್ನು ಎಂದೂ ಮರೆಯುವುದಿಲ್ಲ. ತಾನು ಯಾವುದಾಗಿ ಹುಟ್ಟಿದೆಯೋ ಅದೇ ಆಗಿ ಬಾಳಿ ಅದೇ ಆಗಿ ಸಾಯುವುದು ಉಳಿದ ಜೀವಿಗಳ ಸ್ವಭಾವ. ಮನುಷ್ಯನೊಬ್ಬನೇ ಮನುಷ್ಯನಾಗಿ ಹುಟ್ಟಿಯೂ ಮನುಷ್ಯನಾಗದೆ ಹೋಗಬಲ್ಲವನು. ಒಮ್ಮೆ ಆದವನು ಅದನ್ನು ಕಳೆದುಕೊಳ್ಳಬಲ್ಲವನೂ ಅಹುದು. ಗುಡಿಯ ಗಾರೆ ಮಳೆಬಿಸಿಲಿಗೆ ಉದುರುವಂತೆ ಮನುಷ್ಯತನವು ರೂಢಿಯ ತಿಕ್ಕಾಟಕ್ಕೆ ಉದುರುತ್ತದೆ. ಆದುದರಿಂದ ಜೀರ್ಣೋದ್ಧಾರವೆಂಬುದು ಕಟ್ಟಡಕ್ಕೆ ಮೀಸಲಾದ ಮಾತಲ್ಲ.

ನಮ್ಮ ಪ್ರಾಚೀನ ಸ್ಥಪತಿಗಳು ಈ ಮರ್ಮವನ್ನು ಬಲ್ಲವರಾಗಿದ್ದರೆಂದು ತೋರುತ್ತದೆ. ಅವರು ಗುಡಿಯ ಭಾಗಗಳಿಗೆ ಇಟ್ಟ ಹೆಸರುಗಳನ್ನು ನೋಡಿರಿ. ಬುಡದಲ್ಲಿರುವುದು ಪಾದ. ಮೇಲೆದ್ದ ಗೋಡೆಗೆ ಜಂಘೆಯೆಂದು ಹೆಸರು; ಜಂಘೆಯೆಂದರೆ ಕಾಲು. ಗೋಪುರವು ಕಿರಿದಾಗಿ ನಿಲ್ಲುವ ಎಡೆ ಸ್ಕಂಧ, ಅಂದರೆ ಹೆಗಲು. ಅದರ ಮೇಲಿನದು ಗ್ರೀವ, ಅಂದರೆ ಕೊರಳು. ಅದಕ್ಕೂ ಮೇಲಿರುವುದು ತಲೆ. ಶಿಖರದ ಮುಂಭಾಗದಲ್ಲಿ ಚಾಚಿಕೊಂಡಿರುವ ಅಂಗ ಶುಕನಾಸ, ಗಿಳಿಯ ಮೂಗು. ದೇವರು ನೆಲೆಸುವ ಒಳಗಿನ ಕತ್ತಲೆಯ ಕೋಣೆಯೋ ಗರ್ಭ; ಮರಾಠಿಯ ‘ಗಾಭಾರಾ’ ಎಂಬ ಮಾತಿನಲ್ಲಿಯೂ ಅಡಗಿರುವುದು ಇದೇ ಗರ್ಭವೇ. ಅಳತೆಯ ಮಾನಗಳೂ ಹೀಗೆಯೇ: ಬೆರಳಿನಿಂದ ಅಂಗುಲ, ಇಪ್ಪತ್ತನಾಲ್ಕು ಅಂಗುಲಕ್ಕೆ ಒಂದು ಹಸ್ತ. ಮೂರ್ತಿಯ ಎತ್ತರವನ್ನು ತಾಲದಿಂದ, ಅಂದರೆ ಮುಖದ ಉದ್ದದಿಂದ ಎಣಿಸುವರು. ಗುಡಿಯೆಂದರೆ ನಿಂತಿರುವ ಪುರುಷನೆಂದೇ ಶಿಲ್ಪಶಾಸ್ತ್ರದ ಭಾವನೆ. ಅವನಿಗೆ ಪ್ರಾಸಾದಪುರುಷನೆಂದು ಹೆಸರು.

ಇದಕ್ಕೆ ದೂರದ ದೃಷ್ಟಾಂತ ಬೇಕಾಗಿಲ್ಲ. ನಿಲಂಗಾದ ನೀಲಕಂಠೇಶ್ವರ ದೇವಾಲಯವು ಮೂರು ಗರ್ಭಗೃಹಗಳುಳ್ಳ ತ್ರಿಕೂಟ. ಶಿವನ ಸನ್ನಿಧಿಯೊಡನೆ ವಿಷ್ಣುವಿಗೂ ಅಲ್ಲಿ ಎಡೆಯುಂಟು. ಉಮರ್ಗಾದಲ್ಲಿಯೂ ಪ್ರಾಚೀನವಾದ ಶಿಲಾಮಯ ಮಹಾದೇವಾಲಯವಿದೆ. ಜನರು ಇಂಥವನ್ನೆಲ್ಲ ‘ಹೇಮಾಡಪಂತಿ’ ಎಂದು ಒಂದೇ ಹೆಸರಿನಿಂದ ಕರೆಯುವುದು ವಾಡಿಕೆ. ಹೇಮಾದ್ರಿಪಂಡಿತನು ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಮಂತ್ರಿಯಾಗಿದ್ದವನು. ಆ ಹೆಸರು ಹೊತ್ತ ಗುಡಿಗಳಲ್ಲಿ ಅನೇಕವು ಅವನಿಗಿಂತ ಹಿಂದಿನ ಕಲ್ಯಾಣ ಚಾಲುಕ್ಯರ ಕಾಲದವು. ಇರಲಿ. ಇಂಥ ಗುಡಿಯ ಮುಂದೆ ಒಂದು ಗಳಿಗೆ ನಿಂತು ಬುಡದಿಂದ ತುದಿಯವರೆಗೆ ಕಣ್ಣು ಹಾಯಿಸಿದವನಿಗೆ ತನ್ನ ಎದುರು ನಿಂತಿರುವುದು ಕಟ್ಟಡವಲ್ಲ, ತನ್ನಂತೆಯೇ ಕಾಲೂರಿ ತಲೆಯೆತ್ತಿ ನಿಂತ ಒಬ್ಬಾತನೆಂಬ ಭಾವನೆ ಬರುವುದುಂಟು. ದೇವರನ್ನು ಇರಿಸಲು ಮನುಷ್ಯಾಕಾರಕ್ಕಿಂತ ಯೋಗ್ಯವಾದ ಆಕಾರವು ಶಿಲ್ಪಿಗೆ ದೊರೆಯಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಈ ಹೋಲಿಕೆಯನ್ನು ಹಿಡಿದು ತಿರುಗಿಸಿದರು. ಗುಡಿಯು ಮನುಷ್ಯನಂತಿದೆ ಎಂದು ಶಿಲ್ಪಿ ಹೇಳಿದ್ದನು. ಹಾಗಿದ್ದರೆ ಮನುಷ್ಯನೇ ಗುಡಿಯಲ್ಲವೇ ಎಂದು ಶರಣರು ಕೇಳಿದರು. ನಿಂತಿರುವುದನ್ನು ಅವರು ಸ್ಥಾವರವೆಂದರು, ನಡೆದಾಡುವುದನ್ನು ಜಂಗಮವೆಂದರು. ಸ್ಥಾವರಕ್ಕೆ ಅಳಿವುಂಟೆಂದು ತಿಳಿಸಿ ಅಂಗದ ಮೇಲೆ ಇಷ್ಟಲಿಂಗವನ್ನು ಧರಿಸಿದರು. ಇದನ್ನು ಕೇಳಿದ ಕೆಲವರು, ಶರಣಮಾರ್ಗದವರಿಗೆ ಗುಡಿಯ ಗೊಡವೆಯೇಕೆ ಎಂದು ಆಕ್ಷೇಪಿಸುವರು. ಇನ್ನು ಕೆಲವರು ಗುಡಿ ಕಟ್ಟುವ ಉತ್ಸಾಹದಲ್ಲಿ ಶರಣರು ಕೇಳಿದ ಪ್ರಶ್ನೆಯನ್ನೇ ಮರೆಯುವರು. ಎರಡೂ ಸರಿಯಲ್ಲ. ಅದೇಕೆ ಸರಿಯಲ್ಲವೆಂಬುದಕ್ಕೆ ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತ್ರವೇ ಸಾಕ್ಷಿ.

ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರ. ಉಮರ್ಗಾದಿಂದ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಸೊನ್ನಲಿಗೆ. ಪೂರ್ವಕ್ಕೆ ಹೋದರೆ ಕಲ್ಯಾಣ. ಸಿದ್ಧರಾಮೇಶ್ವರರು ಕಟ್ಟುವವರಲ್ಲಿ ಅಗ್ರಗಣ್ಯರು. ಅರುವತ್ತೆಂಟು ಲಿಂಗಗಳನ್ನು ಸ್ಥಾಪಿಸಿದರು, ಗುಡಿ ಕಟ್ಟಿಸಿದರು, ದೊಡ್ಡ ಕೆರೆಯನ್ನು ತೋಡಿಸಿದರು. ರಾಘವಾಂಕ ಕವಿ ಅವರ ಚರಿತ್ರವನ್ನೇ ಒಂದು ಕಾವ್ಯವಾಗಿ ಬರೆದನು. ಶೂನ್ಯಸಂಪಾದನೆಯಲ್ಲಿ ಬರುವ ಕಥೆಯಂತೆ, ಕೆರೆಯ ಕೆಲಸ ಭರದಿಂದ ಸಾಗಿರುವಾಗ ಅಲ್ಲಮಪ್ರಭುದೇವರು ಅಲ್ಲಿಗೆ ಬಂದು, ಮಹಾಯೋಗಿಯೆಂದು ಲೋಕವೇ ಕೊಂಡಾಡುತ್ತಿದ್ದ ಸಿದ್ಧರಾಮೇಶ್ವರರನ್ನು ಮಣ್ಣು ಅಗೆಯುವವನೆಂಬಂತೆ ಸಂಬೋಧಿಸಿ ವಿಚಾರಿಸಿದರು. ಅದನ್ನು ಕೇಳಿ ಕೆಲಸದವರು ಕೆರಳಿ ಪ್ರಭುದೇವರ ಮೇಲೆ ಕಲ್ಲು ತೂರಿದರು. ಸ್ವತಃ ಸಿದ್ಧರಾಮೇಶ್ವರರೂ ಕೋಪಗೊಂಡು ಹಣೆಗಣ್ಣು ತೆರೆದರು. ಪ್ರಭುದೇವರಿಗೆ ಏನೂ ಆಗಲಿಲ್ಲ.

ಈ ಕಥೆಯಲ್ಲಿ ಪವಾಡದ ಭಾಗವನ್ನು ಕೊಂಡಾಡುವವರೇ ಹೆಚ್ಚು. ಅದಕ್ಕಿಂತ ಸೂಕ್ಷ್ಮವಾದ ಭಾಗವೊಂದಿದೆ. ಕಲ್ಲು ತೂರಿದವರು ಯಾರು? ಗುದ್ದಲಿ ಹಿಡಿದು ಮಣ್ಣು ಅಗೆಯುತ್ತಿದ್ದವರೇ. ತಮ್ಮ ಗುರುವನ್ನು ಮಣ್ಣಿನ ಕೆಲಸದವನೆಂದು ಕರೆದುದು ಅವರಿಗೆ ಅಪಮಾನವಾಗಿ ಕಂಡಿತು. ಹಾಗಾದರೆ ತಮ್ಮ ಕೆಲಸವನ್ನು ಅವರೇ ಕೀಳೆಂದು ನಂಬಿದ್ದರು. ದೇವರ ಕೆರೆಯನ್ನು ತೋಡುತ್ತಿದ್ದರೂ ಆ ನಂಬಿಕೆ ಅವರನ್ನು ಬಿಟ್ಟಿರಲಿಲ್ಲ. ಗುರುವಿಗೂ ಅದು ಬಿಟ್ಟಿರಲಿಲ್ಲ. ಪ್ರಭುದೇವರು ಒಂದೇ ಮಾತಿನಿಂದ ಗುದ್ದಲಿ ಊರಿದ್ದು ಅಲ್ಲಿಯೇ. ಕೆರೆಯನ್ನು ಮುಚ್ಚೆಂದಾಗಲಿ ಲಿಂಗಗಳನ್ನು ಕೀಳೆಂದಾಗಲಿ ಅವರು ಹೇಳಲಿಲ್ಲ. ಇಷ್ಟು ಕಟ್ಟಿದ ನಿನ್ನೊಳಗೆ ಏನು ಕಟ್ಟಿತು ಎಂಬುದು ಅವರ ಪ್ರಶ್ನೆಯ ತಾತ್ಪರ್ಯ. ಸಿದ್ಧರಾಮೇಶ್ವರರು ಅದನ್ನು ಅರಿತು ಪ್ರಭುದೇವರೊಡನೆ ಕಲ್ಯಾಣಕ್ಕೆ ನಡೆದರು. ಅಲ್ಲಿ ಚೆನ್ನಬಸವಣ್ಣನವರಿಂದ ಇಷ್ಟಲಿಂಗವನ್ನು ಪಡೆದರು. ಕಡೆಗೆ ತಮ್ಮ ಸೊನ್ನಲಿಗೆಯಲ್ಲಿಯೇ ಸಮಾಧಿಸ್ಥರಾದರು. ಅವರ ಗುಡಿಯ ಸುತ್ತ ನೀರು ಇಂದಿಗೂ ನಿಂತಿದೆ. ಕಲ್ಯಾಣದ ಅರಿವೂ ಸೊನ್ನಲಿಗೆಯ ಕೆರೆಯೂ ಒಬ್ಬರಲ್ಲಿಯೇ ಕೂಡಿದ್ದವು. ಸೊನ್ನಲಿಗೆಗೂ ಕಲ್ಯಾಣಕ್ಕೂ ನಡುವೆ ಇರುವುದು ಉಮರ್ಗಾದ ಈ ಸೀಮೆಯೇ ಎಂಬುದನ್ನು ಇಲ್ಲಿಯ ಜನರು ನೆನೆದರೆ ತಪ್ಪಲ್ಲ.

ಇನ್ನು ಉತ್ತರಕ್ಕೆ ತಿರುಗೋಣ. ಉದಗೀರವನ್ನು ದಾಟಿ ಮುಂದೆ ಹೋದರೆ ನಾಂದೇಡ ಜಿಲ್ಲೆಯ ಕಂಧಾರ ಸಿಕ್ಕುತ್ತದೆ. ಒಂದು ಕಾಲಕ್ಕೆ ರಾಷ್ಟ್ರಕೂಟರ ವೈಭವವನ್ನು ಕಂಡ ಊರದು. ಶರಣರ ಕಾಲದಲ್ಲಿ ಉರಿಲಿಂಗದೇವರೆಂಬ ಗುರುಗಳ ಮಠ ಅಲ್ಲಿತ್ತು. ಪೆದ್ದಣ್ಣನೆಂಬಾತನು ಅಸ್ಪೃಶ್ಯನೆನಿಸಿದ ಕುಲದಲ್ಲಿ ಹುಟ್ಟಿದವನು, ಕಳ್ಳತನದಿಂದ ಹೊಟ್ಟೆ ಹೊರೆಯುತ್ತಿದ್ದವನು. ಒಂದು ರಾತ್ರಿ ಅವನು ಕನ್ನ ಹಾಕಲು ಹೋದ ಮನೆಯಲ್ಲಿ ಉರಿಲಿಂಗದೇವರು ಭಕ್ತನೊಬ್ಬನಿಗೆ ಲಿಂಗದೀಕ್ಷೆ ಕೊಡುತ್ತಿದ್ದರಂತೆ. ಮರೆಯಲ್ಲಿ ನಿಂತು ಅದನ್ನು ಕಂಡ ಪೆದ್ದಣ್ಣನಿಗೆ ಕದಿಯಲು ಬಂದುದು ಮರೆತುಹೋಯಿತು. ಅಂದಿನಿಂದ ದಿನವೂ ಕಟ್ಟಿಗೆಯ ಹೊರೆ ತಂದು ಮಠಕ್ಕೆ ಹಾಕತೊಡಗಿದನು. ಕೂಲಿ ಕೊಡಬಂದರೆ ಒಲ್ಲೆನೆಂದನು. ಅವನಿಗೆ ಬೇಕಾಗಿದ್ದುದು ದೀಕ್ಷೆ. ಕಡೆಗೆ ಗುರುಗಳು ಅದನ್ನು ಕೊಟ್ಟರು. ಪರಂಪರೆಯು ಹೇಳುವ ಕಥೆಯಿದು.

ಕಥೆಯ ಮುಂದಿನ ಭಾಗವು ಹೆಚ್ಚಿನ ಮಹತ್ತ್ವದ್ದು. ಅದನ್ನು ಹೇಳುವಾಗ ಕೀರ್ತನಕಾರರು ಬೇಗ ಮುಗಿಸಿಬಿಡುವರು. ಕಳ್ಳನು ಭಕ್ತನಾದ ಕಥೆಗಳು ಎಲ್ಲ ನಾಡುಗಳಲ್ಲಿಯೂ ಉಂಟು; ಭಕ್ತನಾದವನು ಹೊಸ್ತಿಲಾಚೆ ಕೈಮುಗಿದು ನಿಂತರೆ ಕಥೆಗೆ ಮಂಗಳವಾಗುತ್ತದೆ. ಪೆದ್ದಣ್ಣನವರ ಕಥೆ ಹಾಗೆ ನಿಲ್ಲುವುದಿಲ್ಲ. ಅವರು ಶಾಸ್ತ್ರಗಳನ್ನು ಅಭ್ಯಾಸ ಮಾಡಿದರು. ಅವರ ವಚನಗಳು ಮುನ್ನೂರಕ್ಕೂ ಮಿಕ್ಕಿ ದೊರೆತಿವೆ. ಅವುಗಳಲ್ಲಿ ಹೆಜ್ಜೆಹೆಜ್ಜೆಗೂ ಸಂಸ್ಕೃತದ ಉದ್ಧರಣೆಗಳು ಬರುತ್ತವೆ. ಯಾರ ಕಿವಿಗೆ ವೇದಾಕ್ಷರ ಬೀಳಬಾರದೆಂದು ಲೋಕವು ಕಟ್ಟಳೆ ಮಾಡಿತ್ತೋ ಅವರ ಬಾಯಲ್ಲಿಯೇ ಶ್ರುತಿಯು ಸಾಕ್ಷಿಯಾಗಿ ನುಡಿಯಿತು. ಅವರ ಪುಣ್ಯಸ್ತ್ರೀ ಕಾಳವ್ವೆಯವರೂ ವಚನಗಳನ್ನು ಬರೆದ ಶರಣೆ. ಉರಿಲಿಂಗದೇವರ ತರುವಾಯ ಆ ಮಠದ ಪೀಠಕ್ಕೆ ಬಂದವರು ಪೆದ್ದಣ್ಣನವರೇ. ಗುರುವಿನ ಹೆಸರೂ ಶಿಷ್ಯನ ಹೆಸರೂ ಕೂಡಿ ಉರಿಲಿಂಗಪೆದ್ದಿ ಎಂಬ ಒಂದೇ ಹೆಸರಾಯಿತು. ಈಗ ಆ ಹೆಸರನ್ನು ಬಿಡಿಸಿ, ಎಲ್ಲಿಗೆ ಗುರು ಮುಗಿದು ಎಲ್ಲಿಂದ ಶಿಷ್ಯ ತೊಡಗಿದನೆಂದು ಯೋಚಿಸುವವರಿಲ್ಲ.

ಇಲ್ಲಿ ನಂಬಿಕೆಯ ಹಿರಿಮೆ ಯಾರದು? ಕಟ್ಟಿಗೆ ಹೊತ್ತ ಪೆದ್ದಣ್ಣನವರದೆಂದು ಎಲ್ಲರೂ ಹೇಳುವರು, ಅದು ನಿಜ. ಆದರೆ ಪೀಠದಿಂದ ಸರಿದು ಎಡೆಮಾಡಿಕೊಟ್ಟ ಉರಿಲಿಂಗದೇವರದೂ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು. ಏಕೆಂದರೆ ಇಲ್ಲದವನು ನಂಬುವುದಕ್ಕಿಂತ ಇದ್ದವನು ನಂಬುವುದು ಕಷ್ಟ.

ಎಲ್ಲ ಕಡೆಗಳಲ್ಲಿಯೂ ಹೀಗೆ ನಡೆಯಲಿಲ್ಲ. ಬಸವಣ್ಣನವರು ಕಲ್ಯಾಣಕ್ಕೆ ಬರುವ ಮುಂಚೆ ಬಿಜ್ಜಳನ ಬಳಿ ಕರಣಿಕರಾಗಿದ್ದುದು ಮಂಗಳವೇಢೆಯಲ್ಲಿ. ಅದೇ ಮಂಗಳವೇಢೆಯಲ್ಲಿ, ಎರಡು ಶತಮಾನಗಳು ಸಮೀಪಿಸುವ ಹೊತ್ತಿಗೆ, ಸಂತ ಚೋಖಾಮೇಳರು ಬಾಳಿದರು. ಅವರು ಮಹಾರ ಕುಲದವರು, ನಾಮದೇವರ ಶಿಷ್ಯರು, ಪಂಢರಪುರದ ವಿಠ್ಠಲನನ್ನು ಉಸಿರಿನಂತೆ ನೆಚ್ಚಿದವರು. ಅವರ ಅಭಂಗಗಳನ್ನು ಈ ಸೀಮೆಯ ಭಜನೆಗಳಲ್ಲಿ ಕೇಳದವರಾರು? ಆ ವಿಠ್ಠಲನ ಗುಡಿಯೊಳಗೆ ಕಾಲಿಡುವುದಕ್ಕೆ ಅವರಿಗೆ ಅಧಿಕಾರವಿರಲಿಲ್ಲ. ೧೩೩೮ರಲ್ಲಿ ಮಂಗಳವೇಢೆಯಲ್ಲಿ ಊರಗೋಡೆಯ ಕೆಲಸ ನಡೆದಿರುವಾಗ ಗೋಡೆ ಕುಸಿದು, ಕೂಲಿಯಾಳುಗಳೊಡನೆ ಚೋಖಾಮೇಳರೂ ಅದರಡಿಯಲ್ಲಿ ಸಿಕ್ಕಿ ತೀರಿಕೊಂಡರು. ನಾಮದೇವರು ಬಂದು ಕಲ್ಲುಮಣ್ಣಿನ ರಾಶಿಯಲ್ಲಿ ಹುಡುಕಿ, ಯಾವ ಎಲುಬುಗಳಿಂದ ವಿಠ್ಠಲನಾಮದ ಧ್ವನಿ ಕೇಳಿಸಿತೋ ಅವು ಚೋಖೋಬರವೆಂದು ಗುರುತಿಸಿ, ಪಂಢರಪುರಕ್ಕೆ ಒಯ್ದು ಮಹಾದ್ವಾರದ ಎದುರಿಗೆ ಸಮಾಧಿ ಮಾಡಿದರೆಂದು ವಾರಕರಿಗಳು ಹೇಳುವರು. ಆ ಸಮಾಧಿ ಇಂದಿಗೂ ಅಲ್ಲಿದೆ. ಒಳಗೆ ಸೇರಿಸದಿದ್ದವರನ್ನು ಬಾಗಿಲಿಗೆ ಬಂದವರೆಲ್ಲರೂ ಈಗ ನಮಸ್ಕರಿಸಿಯೇ ಒಳಗೆ ಹೋಗುತ್ತಾರೆ.

ಚೋಖೋಬರ ಕುಲದವರಿಗೆ ಆ ಬಾಗಿಲು ತೆರೆದುದು ಯಾವಾಗ? ೧೯೪೭ರ ಮೇ ತಿಂಗಳಲ್ಲಿ ಸಾನೆ ಗುರೂಜಿಯವರು ಪಂಢರಪುರದಲ್ಲಿ ಉಪವಾಸ ಕುಳಿತ ಬಳಿಕ. ಆರು ನೂರು ವರ್ಷಗಳಿಗೂ ಮಿಕ್ಕಿದ ಕಾಲ! ಮುಂದೆ ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಪಡಿಸಿತು, ಹಿಂದೂಗಳ ಸಾರ್ವಜನಿಕ ದೇವಾಲಯಗಳನ್ನು ಎಲ್ಲ ವರ್ಗಗಳಿಗೂ ತೆರೆಯುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ಕಾನೂನು ಬಾಗಿಲನ್ನು ತೆರೆಯಿಸಬಲ್ಲದು. ಒಳಗೆ ಬಂದವನಿಗೆ ಪ್ರಸಾದವನ್ನು ಮೇಲಿನಿಂದ ಬಿಡದೆ ಕೈಗೆ ಇಡುವಂತೆ ಮಾಡುವುದು ಅದರ ಕೈಲಾಗದು. ಮನುಷ್ಯನ ಆಕಾರದಲ್ಲಿಯೇ ಗುಡಿಯನ್ನು ನಿಲ್ಲಿಸಿ, ಅದರ ಕಾಲಬಳಿ ಮನುಷ್ಯನನ್ನು ತಡೆದು ನಿಲ್ಲಿಸಿದುದಕ್ಕಿಂತ ವಿಚಿತ್ರವಾದ ಮರೆವು ಬೇರಾವುದಿದ್ದೀತು?

ಗೋಡೆ ಕುಸಿಯುವ ಮಾತು ಬಂದ ಮೇಲೆ ಈ ಸೀಮೆಯವರಿಗೆ ೧೯೯೩ರ ಸೆಪ್ಟೆಂಬರ್ ೩೦ನೆಯ ದಿನಾಂಕವನ್ನು ನೆನಪಿಸಬೇಕಾಗಿಲ್ಲ. ಅನಂತ ಚತುರ್ದಶಿಯ ಗಣೇಶ ವಿಸರ್ಜನೆಯನ್ನು ಮುಗಿಸಿ ಜನರು ತಡವಾಗಿ ಮಲಗಿದ್ದರು. ಬೆಳಗಿನ ಜಾವ ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ ಭೂಮಿ ನಡುಗಿತು. ಕೇಂದ್ರವು ಲಾತೂರ ಜಿಲ್ಲೆಯ ಔಸಾ ತಾಲೂಕಿನ ಕಿಲ್ಲಾರಿಯ ಬಳಿ. ಉಮರ್ಗಾಕ್ಕೆ ಉತ್ತರ, ನಿಲಂಗಾಕ್ಕೆ ಪಶ್ಚಿಮ. ಆಗ ಉಮರ್ಗಾ ತಾಲೂಕಿಗೆ ಸೇರಿದ್ದ ಸಾಸ್ತೂರು ಮೊದಲಾದ ಊರುಗಳೂ ನೆಲಸಮವಾದವು. ಕಂಪನದ ಪ್ರಮಾಣ ೬.೨ರಷ್ಟಿತ್ತು, ಸತ್ತವರು ಸುಮಾರು ಹತ್ತು ಸಾವಿರ. ಹಿಂದಿನ ವರ್ಷ ಕಿಲ್ಲಾರಿಯಲ್ಲಿ ಸಣ್ಣಪುಟ್ಟ ಕಂಪನಗಳಾಗಿದ್ದರೂ ದಖ್ಖನದ ಕರಿಗಲ್ಲಿನ ನೆಲ ಅಲುಗೀತೆಂದು ಯಾರೂ ಎಣಿಸಿರಲಿಲ್ಲ.

ಆ ಸಾವುಗಳಿಗೆ ಕಾರಣವಾದುದು ನೆಲಕ್ಕಿಂತ ಹೆಚ್ಚಾಗಿ ಗೋಡೆ. ಎರಡು ಮೂರು ಅಡಿ ದಪ್ಪನಾದ ಕಲ್ಲುಮಣ್ಣಿನ ಗೋಡೆಗಳು, ಅವುಗಳ ಮೇಲೆ ಮರದ ಹಲಗೆ ಹಾಸಿ ವರ್ಷವರ್ಷವೂ ಮಣ್ಣು ಪೇರಿಸಿದ ಮಾಳಿಗೆಗಳು. ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಸ್ಥಿತಿವಂತರ ಮನೆಯಾದರೆ ಗೋಡೆ ಇನ್ನೂ ದಪ್ಪ. ಆ ದಪ್ಪವೇ ಮೃತ್ಯುವಾಯಿತು. ಗೋಡೆಗೆ ಹೊರಮುಖವೊಂದು, ಒಳಮುಖವೊಂದು. ನಡುವೆ ತುಂಬಿದುದು ಚೂರುಗಲ್ಲು, ಮಣ್ಣು. ಎರಡು ಮುಖಗಳನ್ನೂ ಹಿಡಿದು ಬಿಗಿಯುವ ಉದ್ದನೆಯ ಅಡ್ಡಗಲ್ಲುಗಳಿರಲಿಲ್ಲ. ನೆಲ ನಡುಗಿದಾಗ ಮುಖಗಳೆರಡೂ ಅಗಲಿ ಬಿದ್ದವು. ಜೋಪಡಿಗಳಲ್ಲಿ ಮಲಗಿದ್ದ ಬಡವರಲ್ಲಿ ಬದುಕಿ ಉಳಿದವರು ಹೆಚ್ಚು. ಮಳೆ ಬೇರೆ ಸುರಿಯಿತು. ಸೈನ್ಯದವರು ಬಂದರು, ಸುತ್ತಲಿನ ಊರುಗಳವರು ಬಂದರು. ಹೊರತೆಗೆದ ದೇಹಗಳನ್ನು ಬೇರೆಬೇರೆಯಾಗಿ ಸುಡುವುದಕ್ಕೆ ಕಟ್ಟಿಗೆಯೂ ವೇಳೆಯೂ ಸಾಲದೆ ಅನೇಕರನ್ನು ಕೂಡಿಯೇ ದಹಿಸಬೇಕಾಯಿತು.

ಅಂಥ ಬೆಳಗಿನಲ್ಲಿ ಆಸ್ತಿಕನಾದವನ ಬಾಯಲ್ಲಿ ಬರುವ ಮೊದಲನೆಯ ಮಾತು, ಇದು ಯಾವ ಪಾಪದ ಫಲ ಎಂಬುದು. ಹಿಂದಿನ ರಾತ್ರಿಯಷ್ಟೇ ಗಣಪತಿಯನ್ನು ಹಾಡಿ ಕಳುಹಿಸಿಕೊಟ್ಟವರಿಗೆ ಈ ಗತಿಯೇ ಎಂಬ ಸಂಕಟಕ್ಕೆ ಶಾಸ್ತ್ರದ ಸಮಾಧಾನ ಸಾಲದು. ಈ ಪ್ರಶ್ನೆಯು ಹಿಂದೊಮ್ಮೆ ದೇಶದ ಇಬ್ಬರು ಮಹಾಪುರುಷರ ನಡುವೆ ಎದ್ದಿತ್ತು. ೧೯೩೪ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾದಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ದಂಡನೆಯೆಂದು ಮಹಾತ್ಮಾ ಗಾಂಧಿಯವರು ಹೇಳಿದರು. ರವೀಂದ್ರನಾಥ ಠಾಕೂರರು ಅದನ್ನು ಒಪ್ಪಲಿಲ್ಲ. ಭೌತಿಕ ವಿಪತ್ತಿಗೆ ಭೌತಿಕ ಕಾರಣವೇ ಇರುವುದೆಂದೂ, ಇಂಥ ವಿವರಣೆಯಿಂದ ಜನರಲ್ಲಿ ಮೂಢತೆ ಬೆಳೆಯುವುದೆಂದೂ ಬಹಿರಂಗವಾಗಿ ಬರೆದರು. ಗಾಂಧಿಯವರು ಆ ಆಕ್ಷೇಪವನ್ನು ತಮ್ಮ ಹರಿಜನ ಪತ್ರಿಕೆಯಲ್ಲಿಯೇ ಅಚ್ಚುಮಾಡಿಸಿ ಉತ್ತರ ಕೊಟ್ಟರು. ಗೌರವಕ್ಕೆ ಕುಂದಿಲ್ಲದೆ ಭಿನ್ನಾಭಿಪ್ರಾಯ ನಡೆಸುವ ರೀತಿಯನ್ನು ಅವರಿಬ್ಬರಿಂದ ಕಲಿಯಬೇಕು.

ಕಾರಣದ ವಿಷಯದಲ್ಲಿ ಠಾಕೂರರ ಮಾತೇ ನಿಲ್ಲುವಂಥದು. ಕಿಲ್ಲಾರಿಯ ಗೋಡೆಗಳು ಜಾತಿಯನ್ನು ಕೇಳಿ ಬೀಳಲಿಲ್ಲ, ಭಕ್ತಿಯನ್ನು ಅಳೆದು ಬೀಳಲಿಲ್ಲ. ಕೂಸುಗಳೂ ಸತ್ತವು. ಅದನ್ನು ದಂಡನೆಯೆಂದು ಕರೆಯುವುದು ದೇವರ ಮೇಲೆ ಹೊರಿಸುವ ಅಪವಾದ. ಹಣೆಬರಹವೆಂದು ಕೈಚೆಲ್ಲುವುದೂ ಅಷ್ಟೇ ದೋಷವುಳ್ಳದ್ದು. ಹಾಗೆ ಕೈಚೆಲ್ಲಿದವನು ಅದೇ ಮಣ್ಣಿನಲ್ಲಿ ಅದೇ ಗೋಡೆಯನ್ನು ಪುನಃ ಎತ್ತುವನು. ಭೂಕಂಪದ ತರುವಾಯ ಹೊಸ ನೆಲೆಗಳಲ್ಲಿ ಎದ್ದ ಊರುಗಳ ಮನೆಗಳಿಗೆ ಕಬ್ಬಿಣದ ಸಲಾಕೆಗಳ ಪಟ್ಟಿ ಕೊಟ್ಟು ಬಿಗಿದುದು ಅಧರ್ಮವಲ್ಲ, ನಾಸ್ತಿಕತೆಯಲ್ಲ. ಆದರೂ ಗಾಂಧಿಯವರ ಮಾತನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ನೆಲ ನಡುಗಿದಾಗಲಾದರೂ ಮನುಷ್ಯನು ತನ್ನೊಳಗೆ ತಿರುಗಿ ನೋಡಿಕೊಳ್ಳಬೇಕೆಂಬ ಅವರ ಹಂಬಲದಲ್ಲಿ ಸತ್ಯವುಂಟು. ಭೂಕಂಪವು ಪಾಪದ ಫಲವಲ್ಲವಾದರೂ, ಅದು ಬಿದ್ದಾಗ ಯಾರು ಯಾರ ಮನೆಯ ಕಲ್ಲನ್ನು ಎತ್ತಲು ಓಡಿದರು ಎಂಬುದರಲ್ಲಿ ಪುಣ್ಯಪಾಪಗಳೆರಡೂ ತಿಳಿಯುತ್ತವೆ. ಕಲ್ಲಿನಡಿಯಿಂದ ನರಳುವ ಧ್ವನಿ ಕೇಳಿದಾಗ ಆ ಧ್ವನಿಯ ಕುಲವನ್ನು ವಿಚಾರಿಸಿದವರಿಲ್ಲ. ಎಲುಬಿನ ಧ್ವನಿ ಕೇಳಿ ಚೋಖೋಬರನ್ನು ಗುರುತಿಸಿದ ನಾಮದೇವರ ಕಥೆ ಕಟ್ಟುಕಥೆಯೆಂದು ನಗುವವರು ಆ ಬೆಳಗನ್ನು ನೆನೆಯಬೇಕು.

ಹಾಗೆ ಓಡಿದ ಕಾಲುಗಳಲ್ಲಿದ್ದ ಭಾಷೆ ಯಾವುದೆಂದೂ ಯಾರೂ ವಿಚಾರಿಸಲಿಲ್ಲ. ನಿಜಾಮ ರಾಜ್ಯದಲ್ಲಿ ಬೀದರ ಜಿಲ್ಲೆಗೆ ಸೇರಿದ್ದ ಉದಗೀರ, ನಿಲಂಗಾ ತಾಲೂಕುಗಳು ೧೯೫೬ರ ನವೆಂಬರ್ ಒಂದರಂದು ಮು೦ಬಯಿ ರಾಜ್ಯಕ್ಕೂ, ೧೯೬೦ರ ಮೇ ಒಂದರಂದು ಮಹಾರಾಷ್ಟ್ರಕ್ಕೂ ಸೇರಿದವು. ಗಡಿಯ ಗೆರೆ ಬಿತ್ತು. ಆದರೆ ಈ ಸೀಮೆಯಲ್ಲಿ ದೇವರ ಮಾತು ಗೆರೆಯನ್ನು ಎಂದೂ ಲೆಕ್ಕಿಸಿದ್ದಿಲ್ಲ. ನಿಜಗುಣ ಶಿವಯೋಗಿಗಳ ಕನ್ನಡ ವಿವೇಕಚಿಂತಾಮಣಿಯು ೧೬೦೪ರಷ್ಟು ಹಿಂದೆಯೇ ಮರಾಠಿಗೆ ಬಂದಿತ್ತು. ಕಪಿಲಧಾರದ ಮನ್ಮಥಸ್ವಾಮಿಗಳ ಪರಮರಹಸ್ಯವನ್ನು ಮರಾಠಿಯಲ್ಲಿ ಪಾರಾಯಣ ಮಾಡುವ ಮನೆಯಲ್ಲಿಯೇ ಬಸವಣ್ಣನವರ ವಚನಗಳೂ ಕನ್ನಡದಲ್ಲಿ ಕೇಳಿಬರುತ್ತವೆ. ಇದು ಇಲ್ಲಿಯವರಿಗೆ ಅಷ್ಟು ಸಹಜವಾಗಿರುವುದರಿಂದ ಹೊರಗಿನವರು ಬೆರಗಾದಾಗಲೇ ಅವರ ಲಕ್ಷ್ಯಕ್ಕೆ ಬರುವುದು.

ಇನ್ನು ಜೀರ್ಣೋದ್ಧಾರದ ಕೆಲಸಕ್ಕೆ ಸಂಬಂಧಿಸಿದ ಒಂದೆರಡು ವಿಷಯಗಳು ಉಳಿದಿವೆ. ಹಳೆಯ ಗುಡಿಗಳಲ್ಲಿ ಕಲ್ಲನ್ನು ಕಲ್ಲಿಗೆ ನುಣುಪಾಗಿ ಕೂಡಿಸಿ, ಗಾರೆಯಿಲ್ಲದೆ ತೂಕದಿಂದಲೇ ನಿಲ್ಲಿಸಿರುವರು. ಅಂಥ ಗೋಡೆಯ ಮೇಲೆ ಸಿಮೆಂಟು ಬಳಿದು ಬಣ್ಣ ಹಚ್ಚಿದರೆ ಕಲ್ಲಿನ ತೇವ ಹೊರಗೆ ಹೋಗದೆ ಒಳಗೇ ನಿಂತು ಕಲ್ಲು ಕೆಡುತ್ತದೆ. ಸಡಿಲವಾದ ಕಲ್ಲುಗಳಿಗೆ ಸಂಖ್ಯೆ ಬರೆದು ಬಿಚ್ಚಿ, ಅದೇ ಎಡೆಯಲ್ಲಿ ಪುನಃ ಕೂಡಿಸುವುದೇ ಯೋಗ್ಯವಾದ ಮಾರ್ಗ. ಹೊಸದಾಗಿ ಗೋಡೆ ಎತ್ತಬೇಕಾದಲ್ಲಿ ಎರಡೂ ಮುಖಗಳನ್ನು ಹಿಡಿಯುವ ಅಡ್ಡಗಲ್ಲುಗಳನ್ನು ಮರೆಯಬಾರದು. ೧೯೯೩ನ್ನು ಕಂಡ ಸೀಮೆಯಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ.

ಎರಡನೆಯದು ಹೊಸ್ತಿಲಿನ ವಿಷಯ. ಜೀರ್ಣೋದ್ಧಾರವೆಂದೊಡನೆ ಸವೆದ ಹೊಸ್ತಿಲನ್ನೂ ಮೆಟ್ಟಿಲುಗಳನ್ನೂ ಕಿತ್ತು ಮಿರುಗುವ ಹಾಸುಗಲ್ಲು ಹಾಕಿಸುವ ಹುರುಪು ಎಲ್ಲೆಡೆಯೂ ಕಂಡುಬರುತ್ತದೆ. ಕರಿಗಲ್ಲಿನ ಮೆಟ್ಟಿಲು ನಡುವೆ ತಗ್ಗಾಗಬೇಕಾದರೆ ನೂರಾರು ವರ್ಷಗಳ ಕಾಲುಗಳು ಬೇಕು. ಗರ್ಭಗುಡಿಯ ಮೂರ್ತಿಯನ್ನು ಒಬ್ಬ ಶಿಲ್ಪಿ ಕಡೆದನು; ಈ ತಗ್ಗನ್ನು ಊರೇ ಕಡೆಯಿತು, ಕೈಯಲ್ಲಿ ಉಳಿಯಿಲ್ಲದೆ. ಅದರಲ್ಲಿ ಇನ್ನೊಂದು ವಿಶೇಷವೂ ಉಂಟು. ಕೆಳಗಿನ ಮೆಟ್ಟಿಲು ಮೇಲಿನದಕ್ಕಿಂತ ಹೆಚ್ಚು ಸವೆದಿರುವ ಗುಡಿಗಳನ್ನು ಕಂಡಾಗ, ಅಷ್ಟರವರೆಗೆ ಮಾತ್ರ ಬಂದು ಹಣೆ ಹಚ್ಚಿ ಹಿಂದಿರುಗಿದವರು ಎಷ್ಟು ಮಂದಿಯೋ ಎಂಬ ಯೋಚನೆ ಬರುತ್ತದೆ. ಒಳಗೆ ಬರಲಾಗದೆ ದೂರದಿಂದ ಕಳಸವನ್ನು ಕಂಡೇ ಕೈಮುಗಿದವರ ಗುರುತಂತೂ ಕಲ್ಲಿನಲ್ಲಿ ಉಳಿಯುವುದಿಲ್ಲ. ಕೆಳಗಿನ ಮೆಟ್ಟಿಲಿನವರದಾದರೂ ಉಳಿದಿದೆ. ಪಂಢರಪುರದಲ್ಲಿ ಆ ಕೆಳಗಿನ ಮೆಟ್ಟಿಲಿಗೆ ನಾಮದೇವರ ಹೆಸರನ್ನೇ ಇಟ್ಟು ಕಾಲು ಸೋಕಿಸದೆ ದಾಟುವರು. ಆದುದರಿಂದ ಹೊಸ ಕಲ್ಲು ಹಾಕಲೇಬೇಕೆಂದಿದ್ದರೆ ಮಂಟಪದ ನೆಲಕ್ಕೆ ಹಾಕಿಸಲಿ. ಹಳೆಯ ಮೆಟ್ಟಿಲುಗಳನ್ನು ಬಿಚ್ಚಿ, ಕೆಳಗಿನ ಮಣ್ಣನ್ನು ಗಟ್ಟಿಮಾಡಿ, ತಗ್ಗುಗಳನ್ನು ತುಂಬಿಸದೆ ಇದ್ದಂತೆಯೇ ತಿರುಗಿ ಕೂಡಿಸಬೇಕು. ಮಳೆಗಾಲದಲ್ಲಿ ನೀರು ನಿಲ್ಲುವುದೆಂಬ ಆಕ್ಷೇಪಕ್ಕೆ, ಮುಂಚಿನ ಅಂಚಿನಲ್ಲಿ ಬೆರಳಗಲದ ಒಂದು ಕಾಲುವೆ ಕೊರೆದರೆ ಸಾಕು.